ಆರ್‌ಟಿಸಿಯ ನಡುವಿನ ‘ಟಿ’

ಮೊನ್ನೆ ಆಫೀಸಿನ ಚಾಟ್‌ನಲ್ಲಿ ರಜೆ ಕೇಳಿ ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು ಹಾಕಿದ್ದೆ. ಶುಕ್ರವಾರ ಬರೋದಿಲ್ಲ, ಊರಿಗೆ ಹೋಗಿ ಒಂದು ಆರ್‌ಟಿಸಿ ತೆಗೆಸಬೇಕು ಅಂತ. ಅಷ್ಟೇ. ಐದು ನಿಮಿಷದಲ್ಲಿ ಮೂರು ಉತ್ತರ ಬಂತು. ಪುಣೆಯ ಹುಡುಗ, ‘ಬೋರ್ಡ್ ನಿನ್ನ ಊರಿನಲ್ಲಿ ಯಾಕಿದೆ?’ ಅಂತ ಕೇಳಿದ. ಹೈದರಾಬಾದಿನ ಹುಡುಗಿ, ‘ಬಸ್ಸಿಗೆ ಆನ್‌ಲೈನ್‌ನಲ್ಲೇ ಬುಕ್ ಮಾಡಬಹುದಲ್ಲ, ಅದಕ್ಕೂ ರಜೆ ಹಾಕ್ತಾರಾ?’ ಅಂದಳು. ನಮ್ಮ ಮ್ಯಾನೇಜರು ರಜೆಯ ಮಾತೇ ಎತ್ತದೆ, ‘ಆ್ಯನ್ ಆರ್‌ಟಿಸಿ’ ಅಂತ ಯಾಕೆ ಬರೆದೆ, ‘ಎ ಆರ್‌ಟಿಸಿ’ ಅಲ್ಲವಾ ಅಂತ ವ್ಯಾಕರಣ ತೆಗೆದರು. ಆ ಅಕ್ಷರದ ಉಚ್ಚಾರಣೆ ಶುರುವಾಗೋದು ‘ಆ’ ಅನ್ನೋ ಸ್ವರದಿಂದ ಸಾರ್, ಇಂಗ್ಲಿಷಿನಲ್ಲಿ ಕಿವಿಗೆ ಕೇಳೋದೇ ಲೆಕ್ಕ, ಕಣ್ಣಿಗೆ ಕಾಣೋದಲ್ಲ ಅಂತ ಬರೆದೆ. ರಜೆ ಸಿಕ್ಕಿತು. ಆದರೆ ಮೂರು ಜನಕ್ಕೆ ಮೂರು ಥರ ಕೇಳಿಸಿದ ಆ ಮೂರು ಅಕ್ಷರ ಮಾತ್ರ ತಲೆಯಲ್ಲೇ ಕೂತುಬಿಟ್ಟಿತು.

ಪುಣೆಯವನ ತಪ್ಪೇನಿಲ್ಲ ಬಿಡಿ. ಎಂಜಿನಿಯರಿಂಗ್ ಓದುವಾಗ ನನಗೂ ಆರ್‌ಟಿಸಿ ಅಂದರೆ ರಿಯಲ್ ಟೈಮ್ ಕ್ಲಾಕ್. ಡಿಎಸ್ 1307 ಅಂತ ಎಂಟು ಕಾಲಿನ ಪುಟ್ಟ ಚಿಪ್ಪು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯದಂಥ ಬ್ಯಾಟರಿ. ಕರೆಂಟ್ ಹೋದರೂ ಅದು ತನ್ನ ಪಾಡಿಗೆ ಗಂಟೆ, ದಿನ, ತಿಂಗಳು ಎಣಿಸುತ್ತಾ ಇರುತ್ತೆ. ಬ್ಯಾಟರಿ ಸತ್ತರೆ ಮಾತ್ರ ಕಾಲ ನಿಂತುಹೋಗುತ್ತೆ, ಮತ್ತೆ ಆನ್ ಮಾಡಿದರೆ ಯಾವುದೋ ಹಳೇ ತಾರೀಖು ತೋರಿಸುತ್ತೆ. ನಮ್ಮೂರಿನ ಆರ್‌ಟಿಸಿಗಳಲ್ಲೂ ಎಷ್ಟೋ ಹೀಗೇ, ಸತ್ತು ಹದಿನೈದು ವರ್ಷವಾದ ತಾತ ಅದರಲ್ಲಿ ಇನ್ನೂ ಜಮೀನು ನೋಡಿಕೊಳ್ಳುತ್ತಾ ಇರುತ್ತಾರೆ :-)

ನಮ್ಮದು ಶ್ರೀನಿವಾಸಪುರ ತಾಲೂಕು. ಆಂಧ್ರದ ಗಡಿ ಕೈಯಳತೆಯಲ್ಲಿದೆ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಈಗ ಹೊಟ್ಟೆಪಾಡಿಗೆ ಇಂಗ್ಲಿಷು. ಮುಳಬಾಗಿಲು, ಶ್ರೀನಿವಾಸಪುರ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ, ಅರ್ಧ ಊರು ಹೀಗೇ. ನಮ್ಮ ಅವ್ವನ (ಅಪ್ಪನ ಅಮ್ಮನನ್ನು ನಾವು ಅವ್ವ ಅಂತೀವಿ) ತವರು ಮದನಪಲ್ಲಿ ಕಡೆ. ಆ ಕಡೆಯವರಿಗೆ ಆರ್‌ಟಿಸಿ ಅಂದರೆ ಬಸ್ಸು. ಎಪಿಎಸ್‌ಆರ್‌ಟಿಸಿಯ ಮೊದಲ ಮೂರು ಅಕ್ಷರ ಎಲ್ಲೋ ರಸ್ತೆಯಲ್ಲಿ ಉದುರಿಹೋಗಿ ಕೊನೆಯ ಮೂರು ಉಳಿದುಕೊಂಡಿವೆ. 2020ರ ಜನವರಿ 1ರಂದು ಆ ಸಂಸ್ಥೆಯ ನೌಕರರೆಲ್ಲ ಸರ್ಕಾರದ ಇಲಾಖೆಗೆ ಸೇರಿದರೂ ಜನರ ಬಾಯಲ್ಲಿ ಅದು ಆರ್ಟೀಸಿನೇ. ಬೆಳಿಗ್ಗೆ ಎದ್ದು ಅವ್ವ ‘ಆರ್ಟೀಸಿ ಪೋಯಿಂದಾ?’ ಅಂದರೆ ಮದನಪಲ್ಲಿ ಬಸ್ಸು ಹೋಯಿತಾ ಅಂತ ಅರ್ಥ. ಅದೇ ಮಾತು ಅಪ್ಪನ ಕಿವಿಗೆ ಬಿದ್ದರೆ ಎದೆ ಧಸಕ್ಕೆನ್ನುತ್ತೆ. ಯಾಕಂದರೆ ಕರ್ನಾಟಕದಲ್ಲಿ ಆರ್‌ಟಿಸಿ ಅಂದರೆ ಪಹಣಿ. ತೆಲುಗಿನಲ್ಲೂ ಕನ್ನಡದ ಹಾಗೇ ‘ಹೋಯಿತು’ ಅಂದರೆ ಹೊರಟಿತು ಅಂತಲೂ ಹೌದು, ಕಳೆದುಹೋಯಿತು ಅಂತಲೂ ಹೌದು. ನಮ್ಮ ಮನೆಯಲ್ಲಿ ಬಸ್ಸು ಹೋದರೆ ಇನ್ನೊಂದು ಬರುತ್ತೆ, ಇನ್ನೊಂದು ಆರ್‌ಟಿಸಿ ಹೋದರೆ ಕೋರ್ಟಿಗೆ ಅಲೀಬೇಕು.

ನಮ್ಮ ಕರ್ನಾಟಕದ ಬಸ್ಸು ಯಾಕೆ ಬರೀ ಆರ್‌ಟಿಸಿ ಆಗಲಿಲ್ಲ, ಪೂರ್ತಿ ಕೆಎಸ್ಸಾರ್ಟಿಸಿ ಆಗಿಯೇ ಯಾಕೆ ಉಳಿಯಿತು ಅಂತ ಯೋಚಿಸಿದ್ದೀರಾ? ನನಗೆ ಅನ್ನಿಸೋದು, ಇಲ್ಲಿ ಆ ಮೂರು ಅಕ್ಷರದ ಸೀಟಿನಲ್ಲಿ ಪಹಣಿ ಮೊದಲೇ ಟವೆಲ್ ಹಾಕಿಬಿಟ್ಟಿತ್ತು. ಇದು ನನ್ನ ಊಹೆ, ಭಾಷಾಶಾಸ್ತ್ರ ಓದಿದವರು ಬೈಯಬೇಡಿ. ಕೆಎಸ್ಸಾರ್ಟಿಸಿಗೂ ಒಂದು ಜಗಳ ಇತ್ತಲ್ಲ, ಕೇರಳದವರು ಆ ಹೆಸರು ತಮ್ಮದು ಅಂತ ಟ್ರೇಡ್‌ಮಾರ್ಕ್ ವಿಷಯಕ್ಕೆ ಹೋಗಿದ್ದರು, 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅವರ ಅರ್ಜಿ ವಜಾ ಮಾಡಿತು. ಒಂದೇ ಅಕ್ಷರಗಳಿಗೆ ಎರಡು ರಾಜ್ಯ ಹೊಡೆದಾಡಿದ್ದು ಅದು. ನಮ್ಮ ಆರ್‌ಟಿಸಿ ವಿಷಯದಲ್ಲಿ ಅಂಥ ಜಗಳ ಇಲ್ಲ. ಎರಡು ರಾಜ್ಯದವರೂ ಬೇರೆ ಬೇರೆ ಅರ್ಥ ಇಟ್ಟುಕೊಂಡು ಒಂದೇ ಅಡಿಗೆಮನೆಯಲ್ಲಿ ಬಾಳ್ತಿದ್ದಾರೆ.

ಸಂಕ್ಷೇಪ ನಮಗೇನೂ ಹೊಸದಲ್ಲ. ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪನವರನ್ನು ಇಡೀ ಕನ್ನಡನಾಡು ಡಿವಿಜಿ ಅನ್ನೋ ಮೂರು ಇಂಗ್ಲಿಷ್ ಅಕ್ಷರದಲ್ಲೇ ಗುರುತಿಸುತ್ತೆ (ಆ ‘ಡಿ’ ದೇವನಹಳ್ಳಿಯದು, ಮುಳಬಾಗಿಲಿಗೆ ಅದರಲ್ಲಿ ಪಾಲಿಲ್ಲ, ಪಾಪ). ಮಾಲೂರು ತಾಲೂಕಿನ ಮಾಸ್ತಿಯವರು ಮಾತ್ರ ಊರಿನ ಹೆಸರನ್ನೇ ಇಡಿಯಾಗಿ ಉಳಿಸಿಕೊಂಡರು. ಕೋಲಾರ ಅಂದ ತಕ್ಷಣ ಬೆಂಗಳೂರಿನಲ್ಲಿ ಎಲ್ಲರೂ ‘ಓಹ್, ಕೆಜಿಎಫ್!’ ಅಂತಾರೆ. 2018ರಲ್ಲಿ ಸಿನಿಮಾ ಬಂದ ಮೇಲಂತೂ ಕೇಳೋದೇ ಬೇಡ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ, ನಮ್ಮೂರಿಂದ ಅಲ್ಲಿಗೆ ಎರಡು ಬಸ್ಸು ಬದಲಾಯಿಸಬೇಕು ಅಂದರೂ ಕೇಳೋದಿಲ್ಲ.

ಇಂಥ ಅಕ್ಷರಗಳು ಮಾತಿನೊಳಗೆ ಬಂದ ಮೇಲೆ ನಮ್ಮ ವಿಭಕ್ತಿ ಹಾಕಿಕೊಂಡು ನಮ್ಮವೇ ಆಗಿಬಿಡುತ್ತವೆ. ‘ಪಿಡಿಓನ ಕೇಳು’, ‘ಆರ್‌ಐ ಹತ್ರ ಸೈನ್ ಹಾಕ್ಸು’, ‘ಆರ್‌ಟಿಸಿಲಿ ಹೆಸರು ತಪ್ಪಾಗಿದೆ’. ಆರ್‌ಟಿಸಿಯನ್ನು ತೆಗೆಸಬಹುದು, ಇಡಬಹುದು, ಮಾಡಿಸಬಹುದು, ಒಬ್ಬರ ಹೆಸರಿಗೆ ‘ಕೂರಿಸ’ಬಹುದು. ಬೆಂಗಳೂರಿನಲ್ಲಿ ಎಸಿ ಅಂದರೆ ತಣ್ಣಗಿರುತ್ತೆ. ಕೋಲಾರದಲ್ಲಿ ‘ಎಸಿ ಹತ್ರ ಇದೆ’ ಅಂದರೆ ಅಪೀಲು ಅಸಿಸ್ಟೆಂಟ್ ಕಮಿಷನರ್ ಮುಂದಿದೆ, ಮನೆಯವರೆಲ್ಲ ಬೆವರುತ್ತಿದ್ದಾರೆ ಅಂತ. ಮಾಲೂರಿನಲ್ಲಿ ಹೆಂಚಿನ ಫ್ಯಾಕ್ಟರಿಗಳ ಪಕ್ಕದಲ್ಲೇ ಲೇಔಟುಗಳು ಎದ್ದಿವೆಯಲ್ಲ, ಅಲ್ಲಿನ ಬ್ರೋಕರ್‌ಗಳು ‘ಡಿಸಿ ಆಗಿದೆ ಸಾರ್’ ಅಂತಾರೆ. ಜಿಲ್ಲಾಧಿಕಾರಿ ಅನ್ನೋ ಮನುಷ್ಯನೇ ಅಲ್ಲಿ ಕ್ರಿಯಾಪದ. ಹೊಲವನ್ನು ಸೈಟ್ ಮಾಡೋಕೆ ಅವರ ಒಪ್ಪಿಗೆ ಸಿಕ್ಕಿದೆ ಅನ್ನೋದರ ಹ್ರಸ್ವರೂಪ ಅದು. ಇವುಗಳಲ್ಲೆಲ್ಲ ನನಗೆ ಬಹಳ ಇಷ್ಟವಾದದ್ದು ‘ಫ್ರೂಟ್ಸ್’. ರೈತರ ನೋಂದಣಿಗೆ ಸರ್ಕಾರ ಮಾಡಿದ ತಂತ್ರಾಂಶದ ಉದ್ದ ಹೆಸರನ್ನು ಎಳೆದಾಡಿ ಆ ಪದ ಮಾಡಿದ್ದಾರೆ. ಮಾವಿಗೆ ಹೆಸರಾದ ಶ್ರೀನಿವಾಸಪುರದಲ್ಲಿ ‘ನಿಮ್ಮದು ಫ್ರೂಟ್ಸ್ ಆಗಿದೆಯಾ?’ ಅಂತ ಕೇಳಿದರೆ ಏನಾಗಬಹುದು ಹೇಳಿ. ‘ಈ ಸಲ ಹೂವೇ ನಿಂತಿಲ್ಲ’ ಅಂದರು ಅವ್ವ.

ಸರಿ, ಆರ್‌ಟಿಸಿಯನ್ನು ಬಿಡಿಸಿ ಓದೋಣ. ನಾನು ಕೇಳಿದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಗೊತ್ತಿರಲಿಲ್ಲ. ಹತ್ತನೆಯವರು ನಿವೃತ್ತ ಗ್ರಾಮಲೆಕ್ಕಿಗರು, ಅವರದು ಲೆಕ್ಕಕ್ಕಿಲ್ಲ. ರೆಕಾರ್ಡ್ ಆಫ್ ರೈಟ್ಸ್, ಟೆನೆನ್ಸಿ ಆ್ಯಂಡ್ ಕ್ರಾಪ್ಸ್. ಹಕ್ಕು, ಗೇಣಿ, ಬೆಳೆ ಈ ಮೂರರ ದಾಖಲೆ. ಪಹಣಿ ಅನ್ನೋ ಹಳೇ ಮಾತು ನೋಡೋದು ಅನ್ನೋ ಮರಾಠಿ ಧಾತುವಿನಿಂದ ಬಂದದ್ದು, ಅಧಿಕಾರಿ ಹೊಲಕ್ಕೆ ಬಂದು ಕಣ್ಣಾರೆ ನೋಡಿ ಬರೆದುಕೊಳ್ಳೋದು ಅಂತ ಅದರ ಹುರುಳು. 1966ರ ಭೂಕಂದಾಯ ನಿಯಮಗಳಲ್ಲಿ ಇದಕ್ಕೆ ನಮೂನೆ 16 ಅಂತ ಹೆಸರು. ಕೆಲಸಕ್ಕೆ ಸೇರಿದ ವರ್ಷ ಎಚ್‌ಆರ್ ಕಡೆಯಿಂದ ‘ಫಾರಂ 16 ತಗೊಳ್ಳಿ’ ಅಂತ ಮೇಲ್ ಬಂದಾಗ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. ‘ನಿನ್ನ ಹೆಸರಲ್ಲಿ ಅವರು ಜಮೀನು ಮಾಡಿದ್ದಾರಾ?’ ಅಂದಿದ್ದರು.

ಆ ಹಾಳೆಯಲ್ಲಿ ಕಾಲಂಗಳಿವೆ. ಊರಿನವರು ಕಾಲಂಗಳನ್ನು ನಂಬರಿನಿಂದಲೇ ಕರೆಯೋದು, ಮನೆಮಂದಿಯನ್ನು ಕರೆದ ಹಾಗೆ. 9ನೇ ಕಾಲಂ ಅಂದರೆ ಯಜಮಾನ, ಜಮೀನು ಯಾರ ಹೆಸರಿನಲ್ಲಿದೆ ಅನ್ನೋದು. 10ರಲ್ಲಿ ಅದು ಹೇಗೆ ಬಂತು ಅನ್ನೋದು, ಅಂದರೆ ಎಂಆರ್ ನಂಬರು. 11ರಲ್ಲಿ ಸಾಲ, ಅಡಮಾನ, ಇತರ ಹಕ್ಕು. 12ರಲ್ಲಿ ಸಾಗುವಳಿ. ಯಾವ ವರ್ಷ ಯಾರು ಉತ್ತರು, ಏನು ಬೆಳೆದರು. ಆರ್‌ಟಿಸಿಯ ‘ಆರ್’ ವಾಸವಾಗಿರೋದು 9ರಿಂದ 11ರಲ್ಲಿ. ‘ಟಿ’ ಮತ್ತು ‘ಸಿ’ಗೆ 12ನೇ ಕಾಲಮ್ಮೇ ಮನೆ.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಹಾಳೆ ಕೈಗೆ ಬರುತ್ತಿತ್ತು. ಕಸುಬಿನ ಕಣ್ಣಿಂದ ನೋಡಿದರೆ ಅದು ಒಳ್ಳೆ ವಿನ್ಯಾಸ, ಹೊಗಳಲೇಬೇಕು. ರೈತನ ಕಡೆಗೆ ತಿರುಗಿಸಿಟ್ಟ ಎರಡನೇ ಪರದೆ, ಸಿಬ್ಬಂದಿ ಒಳಗೆ ಹೋಗಲು ಬೆರಳಚ್ಚು, ಖಾತೆ ಬದಲಾವಣೆ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲು ಅನ್ನೋ ಸರದಿ. ನಾವು ಡೇಟಾ ಸ್ಟ್ರಕ್ಚರ್ ಕ್ಲಾಸಿನಲ್ಲಿ ಕ್ಯೂ ಅಂತ ಓದಿದ್ದನ್ನು ಅವರು ರೆವಿನ್ಯೂ ಇಲಾಖೆಯಲ್ಲಿ ಮಾಡಿ ತೋರಿಸಿದ್ದರು! ಟೀಕೆಯೂ ಬಂತು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತ ಅಧ್ಯಯನ ಮಾಡಿ, ಇದರಿಂದ ದೊಡ್ಡ ಕೊಳ್ಳುಗರಿಗೇ ಹೆಚ್ಚು ಅನುಕೂಲವಾಯಿತು ಅಂತ ಬರೆದರು. ನನ್ನ ತಕರಾರು ಅದಕ್ಕಿಂತ ಸಣ್ಣದು. 9ನೇ ಕಾಲಮ್ಮಿನ ವಿಷಯದಲ್ಲಿ ಇಷ್ಟೊಂದು ಜಾಗ್ರತೆ ವಹಿಸಿದ ವ್ಯವಸ್ಥೆಗೆ 12ನೇ ಕಾಲಂ ಅಷ್ಟು ಮುಖ್ಯ ಅನ್ನಿಸಲೇ ಇಲ್ಲ. ನಮ್ಮ ಕಡೆಯ ಎಷ್ಟೋ ಹಾಳೆಗಳಲ್ಲಿ ಅಲ್ಲಿ 9ರ ಹೆಸರೇ ಮತ್ತೊಮ್ಮೆ ಬಂದು ಕೂತಿದೆ. ಯಜಮಾನ ಬೆಂಗಳೂರಿನಲ್ಲಿದ್ದರೂ ಸರಿ, ಸ್ವರ್ಗದಲ್ಲಿದ್ದರೂ ಸರಿ, ಕಾಗದದ ಪ್ರಕಾರ ಅವನೇ ಉಳುತ್ತಿದ್ದಾನೆ.

ಇನ್ನು ನಮ್ಮನೆ ಕಥೆ. ನಮ್ಮ ತಾತ ಗೇಣಿದಾರ. ಆ ಎರಡೂಮುಕ್ಕಾಲು ಎಕರೆಯ ಮಾಲೀಕರು ಕೋಲಾರದಲ್ಲಿ ಮನೆ ಮಾಡಿಕೊಂಡಿದ್ದರಂತೆ, ಸುಗ್ಗಿಗೆ ಒಮ್ಮೆ ಬಂದು ಅರ್ಧ ರಾಗಿ ಅಳೆಸಿಕೊಂಡು ಹೋಗುತ್ತಿದ್ದರಂತೆ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಬಂತು, 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರು ಫಾರಂ 7 ಹಾಕಿ ಭೂನ್ಯಾಯಮಂಡಳಿಯಲ್ಲಿ ಹಕ್ಕು ಕೇಳಬಹುದು ಅಂತಾಯಿತು. ತಾತ ಹಾಕಿದರು. ಅವರ ಹತ್ತಿರ ಗೇಣಿ ಚೀಟಿ ಇರಲಿಲ್ಲ, ರಸೀದಿ ಇರಲಿಲ್ಲ, ಓದು ಬರಹವಂತೂ ಮೊದಲೇ ಇರಲಿಲ್ಲ. ಇದ್ದದ್ದು ಒಂದೇ. ಹಿಂದಿನ ಎರಡು ವರ್ಷದ ಕೈಬರಹದ ಪಹಣಿಯಲ್ಲಿ ಸಾಗುವಳಿದಾರ ಅನ್ನೋ ಕಡೆ ಆಗಿನ ಶ್ಯಾನುಭೋಗಿಕೆ ಮಾಡುತ್ತಿದ್ದವರು ತಾತನ ಹೆಸರು ಬರೆದಿದ್ದರು. ಪಹಣಿಯಲ್ಲಿರುವ ನಮೂದನ್ನು, ಸುಳ್ಳು ಅಂತ ಸಾಬೀತಾಗುವವರೆಗೆ ನಿಜ ಅಂತಲೇ ತಿಳಿಯಬೇಕು ಅನ್ನುತ್ತೆ ಕಾನೂನು. ಆ ಒಂದು ಸಾಲಿನ ಮೇಲೆ ಕೇಸು ನಿಂತಿತು. ಐದಾರು ವರ್ಷ ಓಡಾಡಿದ ಮೇಲೆ ಫಾರಂ 10 ಕೈಗೆ ಬಂತು, ತಾತ 12ರಿಂದ 9ಕ್ಕೆ ಬಡ್ತಿ ಪಡೆದರು. ಅಪ್ಪ ಓದಿದ್ದು, ನಾನು ಎಂಜಿನಿಯರಿಂಗ್ ಸೇರಿದ್ದು ಎಲ್ಲ ಆ ಜಮೀನಿನ ಮೇಲೆಯೇ. ಅರ್ಧ ಎಕರೆ ಮಾವು, ಉಳಿದದ್ದರಲ್ಲಿ ರಾಗಿ, ನೀರಿದ್ದ ವರ್ಷ ಟೊಮೊಟೊ.

ತಾತ ತೀರಿಕೊಂಡಿದ್ದು 2009ರಲ್ಲಿ. ಆಮೇಲೆ ಅಪ್ಪನ ಕೆಲಸ ಕೋಲಾರಕ್ಕೆ, ನನ್ನದು ಬೆಂಗಳೂರಿಗೆ. ಜಮೀನನ್ನು ಪಕ್ಕದ ಮನೆಯವರಿಗೆ ವಾರಕ್ಕೆ ಕೊಟ್ಟೆವು. ವಾರ ಅಂದರೆ ಬೆಳೆಯಲ್ಲಿ ಪಾಲು, ಕೆಲವು ಕಡೆ ಕೋರು ಅಂತಾರಲ್ಲ ಅದೇ. ಸಂಬಂಧವೇನಿಲ್ಲ, ಆದರೆ ನಾನು ಅವರನ್ನು ಮಾಮ ಅಂತಲೇ ಕರೆಯೋದು, ಅವರು ನನ್ನನ್ನು ಅಲ್ಲುಡು ಅಂತಾರೆ. ಹದಿನಾರು ವರ್ಷದಿಂದ ಅವರೇ ಮಾಡಿಕೊಂಡು ಬಂದಿದ್ದಾರೆ. ಮಾವಿನ ಮರಗಳಲ್ಲಿ ಯಾವುದು ಯಾವ ವರ್ಷ ಕೈಕೊಡುತ್ತೆ ಅನ್ನೋದು ಅವರಿಗೆ ಗೊತ್ತು. ನನಗೆ ಮರಗಳು ಎಷ್ಟಿವೆ ಅನ್ನೋದೂ ಎಣಿಸಿಯೇ ಹೇಳಬೇಕು.

2024ರಲ್ಲಿ ಆರ್‌ಟಿಸಿಗೆ ಆಧಾರ್ ಜೋಡಿಸಿ ಅಂತ ಸರ್ಕಾರ ಹೊರಟಾಗ ಊರೂರಿನಲ್ಲಿ ಸತ್ತವರ ಹೆಸರುಗಳು ಎದ್ದು ಬಂದವು, ನಮ್ಮ ತಾತನದೂ. ಆಧಾರ್ ಕೊಡೋಕೆ ತಾತ ಎಲ್ಲಿಂದ ಬರಬೇಕು? ಪೌತಿ ಖಾತೆಗೆ ಅರ್ಜಿ ಹಾಕಿದೆವು. ಇಬ್ಬರು ಅತ್ತೆಯರ ಒಪ್ಪಿಗೆ, ವಂಶವೃಕ್ಷ, ಮರಣ ಪ್ರಮಾಣಪತ್ರ ಎಲ್ಲ ಸೇರಿಸಿ ಅಪ್ಪ ಓಡಾಡಿದರು. ಆ ಓಡಾಟದ ನಡುವೆ ಒಂದು ಸಾಯಂಕಾಲ ಮಾಮ ಮನೆಗೆ ಬಂದು ಜಗಲಿ ಮೇಲೆ ಕೂತು, ಕಾಫಿ ಕುಡಿದು, ಟವೆಲ್ ಮಡಚಿ ಬಿಚ್ಚಿ ಮತ್ತೆ ಮಡಚಿ, ಕೊನೆಗೆ ಕೇಳಿದರು. ಹೇಗಿದ್ದರೂ ಹೆಸರು ಬದಲಾಯಿಸ್ತಾ ಇದ್ದೀರಲ್ಲ, 12ನೇ ಕಾಲಂನಲ್ಲಿ ನನ್ನ ಹೆಸರು ಬರೆಸೋಕಾಗುತ್ತಾ? ಡ್ರಿಪ್ಪಿಗೆ ಸಹಾಯಧನ ಕೇಳಿದರೆ ಆರ್‌ಟಿಸಿ ಕೇಳ್ತಾರೆ, ಸೊಸೈಟಿಯಲ್ಲಿ ಬೆಳೆಸಾಲ ಕೇಳಿದರೆ ಆರ್‌ಟಿಸಿ ಕೇಳ್ತಾರೆ, ಬೆಳೆವಿಮೆಗೂ ಅದೇ. 9 ನಿಮ್ಮದೇ ಇರಲಿ, ನನಗೆ 12 ಸಾಕು ಅಂದರು.

ಅಪ್ಪ ಸುಮ್ಮನೆ ಕೂತಿದ್ದರು. ಉತ್ತರ ಬಂದಿದ್ದು ಒಳಗಿನಿಂದ. ಅವ್ವನಿಗೆ ಎಂಬತ್ತು ದಾಟಿದೆ, ಕಿವಿ ಮಂದ, ಆದರೆ ‘ಹನ್ನೆರಡು’ ಅನ್ನೋ ನಂಬರು ಗೋಡೆಯಾಚೆಯಿಂದಲೂ ಕೇಳಿಸುತ್ತೆ. ಬಾಗಿಲಿಗೆ ಬಂದು ನಿಂತು ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೀತೀನಿ: ‘ಬೇರೆ ಏನು ಬೇಕಾದರೂ ಕೇಳಪ್ಪಾ. ನಾವು ಒಳಗೆ ಬಂದಿದ್ದು ಅದೇ ಕಿಂಡಿಯಿಂದ.’ ಬಯ್ಯೋ ದನಿಯಲ್ಲಿ ಹೇಳಲಿಲ್ಲ. ಮಾಮನೂ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಇಬ್ಬರಿಗೂ ಇದರ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿತ್ತು.

ರಾತ್ರಿ ಕೂತು ಕಾಯ್ದೆ ಓದಿದೆ. ಅವ್ವನ ಭಯದಲ್ಲಿ ಅರ್ಧ ಹಳೆಯದು. ಫಾರಂ 7 ಹಾಕೋ ಗಡುವು ಮುಗಿದು ದಶಕಗಳೇ ಕಳೆದಿವೆ, ತಾತನ ಹಾಗೆ ಈಗ ಯಾರೂ 12ರಿಂದ 9ಕ್ಕೆ ಹತ್ತಲಾರರು. ಇನ್ನರ್ಧ ಮಾತ್ರ ಈಗಲೂ ನಿಜ. 1974ರ ತಿದ್ದುಪಡಿ ಹಳೇ ಗೇಣಿದಾರರಿಗೆ ಭೂಮಿ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ, ಇನ್ನು ಮುಂದೆ ಯಾರೂ ಗೇಣಿಗೆ ಕೊಡಲೇಬಾರದು ಅಂತ ಕಲಂ 5ರಲ್ಲಿ ಬರೆಯಿತು. ಸೈನಿಕರು, ನಾವಿಕರು ಹೀಗೆ ಕೆಲವೇ ಕೆಲವರಿಗೆ ವಿನಾಯಿತಿ. ಅಂದರೆ ‘ಇವರು ನನ್ನ ಜಮೀನನ್ನು ವಾರಕ್ಕೆ ಮಾಡ್ತಿದ್ದಾರೆ’ ಅಂತ ಅಪ್ಪ ಬರೆದುಕೊಟ್ಟರೆ, ಕಾನೂನು ಮುರಿದಿದ್ದೀನಿ ಅಂತ ತಾನೇ ಬರೆದುಕೊಟ್ಟ ಹಾಗೆ. ಗೇಣಿ ನಿಷೇಧ ಅಂದ ಮಾತ್ರಕ್ಕೆ ಗೇಣಿ ನಿಲ್ಲಲಿಲ್ಲ. ಕೋಲಾರ ಜಿಲ್ಲೆಯಲ್ಲಿ ಒಂದು ಸುತ್ತು ಹಾಕಿ, ಟೊಮೊಟೊಗೆ ಕಡ್ಡಿ ಕಟ್ಟುತ್ತಿರುವವರಲ್ಲಿ ಎಷ್ಟು ಜನರ ಹೆಸರು ಪಹಣಿಯಲ್ಲಿದೆ ಕೇಳಿ ನೋಡಿ. ಗೇಣಿ ಹೊಲದಲ್ಲಿ ಉಳಿಯಿತು, ಕಾಗದದಿಂದ ಮಾಯವಾಯಿತು. ನಾವೆಲ್ಲ ದಿನಾ ಬಾಯಲ್ಲಿ ಹೇಳೋ ‘ಆರ್‌ಟಿಸಿ’ಯಲ್ಲಿ ಮಾತ್ರ ಆ ‘ಟಿ’ ಹಾಗೇ ಉಳಿದಿದೆ. ಯಾರೂ ವಾಸವಿಲ್ಲದ ಮನೆಯ ಮುಂದಿನ ಬೋರ್ಡಿನ ಹಾಗೆ. 2020ರಲ್ಲಿ 79ಎ, 79ಬಿ ಕಲಂಗಳನ್ನು ತೆಗೆದು ನನ್ನಂಥ ಸಾಫ್ಟ್‌ವೇರಿನವನೂ ಮಾಲೂರಿನಲ್ಲಿ ಹೊಲ ಕೊಳ್ಳಬಹುದು ಅಂತ ಮಾಡಿದರಲ್ಲ, ಆಗಲೂ ಕಲಂ 5ರ ನಿಷೇಧ ಇದ್ದಲ್ಲೇ ಇತ್ತು. ಕೊಳ್ಳೋನಿಗೆ ಬಾಗಿಲು ತೆಗೆದರು, ಉಳೋನಿಗೆ ಇಲ್ಲ. ಇದು ಯಾವ ಲೆಕ್ಕವೋ ನನಗಂತೂ ಹತ್ತಲಿಲ್ಲ.

ಇದರಿಂದ ಏನಾಗುತ್ತೆ ಅಂತ 2025ರ ಜೂನ್‌ನಲ್ಲಿ ಕಣ್ಣಾರೆ ಕಂಡೆ. ತೋತಾಪುರಿ ಬೆಲೆ ನೆಲ ಕಚ್ಚಿತ್ತು. ಅದರ ಮೇಲೆ ಚಿತ್ತೂರು ಜಿಲ್ಲೆಯವರು ನಮ್ಮ ಕಡೆಯ ತೋತಾಪುರಿಗೆ ಗಡಿ ಮುಚ್ಚಿದರು. ಶ್ರೀನಿವಾಸಪುರ ಬಂದ್ ಆಯಿತು, ರಸ್ತೆಗೆ ಹಣ್ಣು ಸುರಿದರು. ಕೊನೆಗೆ ಕೇಂದ್ರ ಮತ್ತು ರಾಜ್ಯ ಸೇರಿ ಎರಡೂವರೆ ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸದ ಹಣ ಕೊಡೋದು ಅಂತಾಯಿತು. ಕೇಳಿದ್ದು ಏನು? ಫ್ರೂಟ್ಸ್ ನಂಬರು. ಫ್ರೂಟ್ಸ್ ನಂಬರಿಗೆ ಏನು ಬೇಕು? ಆರ್‌ಟಿಸಿ. ಕಾಯಿ ಕಿತ್ತವರು, ಟ್ರಾಕ್ಟರ್ ಬಾಡಿಗೆ ಕೊಟ್ಟವರು, ಮಂಡಿ ಮುಂದೆ ರಾತ್ರಿಯೆಲ್ಲ ಸಾಲಿನಲ್ಲಿ ಮಲಗಿದವರು ಮಾಮ. ಹಣ ಬಂದಿದ್ದು ಅಪ್ಪನ ಖಾತೆಗೆ. ಪಿಎಂ ಕಿಸಾನ್‌ನ ವರ್ಷಕ್ಕೆ 6000 ರೂಪಾಯಿಯೂ ಹಾಗೇ, ಜಮೀನು ಹೆಸರಿನಲ್ಲಿದ್ದವರಿಗೆ ಮಾತ್ರ, ವಾರದವರಿಗಿಲ್ಲ. ಮಾವಿನ ಹಣ ಬಂದ ದಿನವೇ ಅಪ್ಪ ಬ್ಯಾಂಕಿನಿಂದ ಪೂರ್ತಿ ತೆಗೆದು ತಂದು ಅವ್ವನ ಕೈಗೆ ಕೊಟ್ಟರು, ಅವ್ವ ಎಣಿಸಿ ಮಾಮನ ಕೈಗೆ ಕೊಟ್ಟರು. ‘ಇದರಲ್ಲಿ ನಮಗೆ ಪಾಲಿಲ್ಲ, ಕಾಯಿ ಕಿತ್ತಿದ್ದು ನೀನು’ ಅಂದರು. 12ನೇ ಕಾಲಂ ಕೊಡದ ಅದೇ ಅವ್ವ. ಎಲ್ಲ ಮನೆಯಲ್ಲೂ ಹೀಗೆ ಕೊಡ್ತಾರೆ ಅಂದುಕೊಳ್ಳಬೇಡಿ, ನಮ್ಮ ಬೀದಿಯಲ್ಲೇ ಕೊಡದೆ ಮಾತು ಬಿಟ್ಟ ಎರಡು ಮನೆಗಳಿವೆ. ಕೊಟ್ಟರೂ ಅದು ನಮ್ಮ ದೊಡ್ಡ ಮನಸ್ಸಾಗುತ್ತೇ ಹೊರತು ಮಾಮನ ಹಕ್ಕಾಗೋದಿಲ್ಲ. ಬ್ಯಾಂಕಿಗೆ ದೊಡ್ಡ ಮನಸ್ಸನ್ನು ತೋರಿಸಿ ಸಾಲ ಕೇಳೋಕಾಗುತ್ತಾ?

ಹಾಗಾಗಿ ಮಾಮ ಬ್ಯಾಂಕಿಗೆ ಹೋಗೋದೇ ಬಿಟ್ಟಿದ್ದಾರೆ. ಟೊಮೊಟೊ ನಾಟಿಗೆ ಮುಂಚೆ ಕೋಲಾರದ ಎಪಿಎಂಸಿಯ ಮಂಡಿಯಲ್ಲಿ ಅಡ್ವಾನ್ಸ್ ತರುತ್ತಾರೆ. ಅಲ್ಲಿ ಆರ್‌ಟಿಸಿ ಕೇಳೋದಿಲ್ಲ, ಮುಖ ನೋಡಿ ಕೊಡ್ತಾರೆ. ಆದರೆ ಹಣ್ಣು ಅದೇ ಮಂಡಿಗೇ ಹಾಕಬೇಕು, ಅವತ್ತಿನ ಹರಾಜಿನಲ್ಲಿ ಎಷ್ಟು ಕೂಗಿದರೆ ಅಷ್ಟೇ, ಕಮಿಷನ್ ಮುರಿದುಕೊಂಡ ಮೇಲೆ ಉಳಿದದ್ದು ಕೈಗೆ. ಒಂದು ಬಾಕ್ಸು 2000 ರೂಪಾಯಿ ಮುಟ್ಟಿದ 2023ರ ಜುಲೈನಲ್ಲಿ ನಾವೆಲ್ಲ ಬೆಂಗಳೂರಿನಲ್ಲಿ ಟೊಮೊಟೊ ಜೋಕು ಫಾರ್ವರ್ಡ್ ಮಾಡುತ್ತಿದ್ದಾಗ ಮಾಮನ ಹೊಲದಲ್ಲಿ ರಾಗಿ ಇತ್ತು. ಅದು ಅವರ ಹಣೆಬರಹ, ಅದಕ್ಕೆ ಯಾವ ಕಾಲಮ್ಮೂ ಇಲ್ಲ.

ಮಾಮನ ಹೆಂಡತಿಯ ಊರೂ ಮದನಪಲ್ಲಿ ಕಡೆಯದೇ. ಅವರ ಬಾಮೈದ ಅಲ್ಲಿ ನಾಲ್ಕು ಎಕರೆ ಗುತ್ತಿಗೆಗೆ ಹಿಡಿದಿದ್ದಾನೆ. ಆಂಧ್ರದಲ್ಲಿ ಈ ವಿಷಯಕ್ಕೆ ಅಂತಲೇ ಕಾನೂನುಗಳಿವೆ, 2011ರಲ್ಲಿ ಒಂದು, 2019ರಲ್ಲಿ ಇನ್ನೊಂದು. ಎರಡನೆಯದರಲ್ಲಿ ಉಳುವವನಿಗೆ 11 ತಿಂಗಳ ಒಂದು ಕಾರ್ಡು ಕೊಡ್ತಾರೆ. ಅದನ್ನು ತೋರಿಸಿ ಬೆಳೆಸಾಲ, ವಿಮೆ, ಪರಿಹಾರ ಕೇಳಬಹುದು. ಜಮೀನಿನ ಮೇಲೆ ಮಾತ್ರ ಯಾವ ಹಕ್ಕೂ ಹುಟ್ಟೋದಿಲ್ಲ ಅಂತ ಕಾನೂನಿನಲ್ಲೇ ಬರೆದುಬಿಟ್ಟಿದ್ದಾರೆ, ಅವ್ವನಂಥವರ ಭಯಕ್ಕೆ ಉತ್ತರ ಕೊಟ್ಟ ಹಾಗೆ. ಆ ಕಾರ್ಡಿನ ಹೆಸರು ಸಿಸಿಆರ್‌ಸಿ. ನಾಲ್ಕು ಅಕ್ಷರ! ಅದರಲ್ಲಿ ಎರಡನೇ ‘ಸಿ’ ಅಂದರೆ ಸಾಗುವಳಿದಾರ. ನಮ್ಮ ಕಡೆ ಅಕ್ಷರ ಇದೆ, ಮನುಷ್ಯ ಇಲ್ಲ. ಅಲ್ಲಿ ಮನುಷ್ಯನಿಗೇ ಒಂದು ಅಕ್ಷರ ಕೊಟ್ಟಿದ್ದಾರೆ.

ಶುಕ್ರವಾರ ಊರಿಗೆ ಹೋದಾಗ ಹೊಸ ಆರ್‌ಟಿಸಿ ತೆಗೆಸಿದೆ. 9ರಲ್ಲಿ ಅಪ್ಪನ ಹೆಸರು, ಇಬ್ಬರು ಅತ್ತೆಯರ ಹೆಸರು. 12ರಲ್ಲೂ ಅಪ್ಪನದೇ. ಮಾವಿನ ಬೆಳೆಯನ್ನು ಸರಿಯಾಗಿ ಬರೆದಿದ್ದಾರೆ. ಸಾಯಂಕಾಲ ಮಾಮ ಬಂದು ಫೋನ್ ಕೈಗೆ ಕೊಟ್ಟರು, ಬಾಮೈದ ವಾಟ್ಸಾಪಿನಲ್ಲಿ ಕಳಿಸಿದ್ದ ಸಿಸಿಆರ್‌ಸಿ ಅರ್ಜಿಯ ಫೋಟೋ. ತೆಲುಗು ಅಕ್ಷರ ನನಗೆ ಕೂಡಿಸಿಕೊಂಡು ಓದೋಕೆ ಬರುತ್ತೆ, ನಿಧಾನ ಅಷ್ಟೇ. ಅಲ್ಲೇ ಎರಡು ಎಕರೆ ಸಿಗುತ್ತಂತೆ, ಹೋಗಿ ನೋಡೋಣ ಅಂತಿದ್ದೀನಿ, ಇದರಲ್ಲಿ ಏನೇನು ಕೇಳ್ತಾರೆ ಓದು ಅಲ್ಲುಡೂ ಅಂದರು. ಹೆಸರು, ಊರು, ಸರ್ವೆ ನಂಬರು, ಆಧಾರ್ ಎಲ್ಲ ಓದಿ ಹೇಳಿದೆ. ಕೊನೆಯಲ್ಲಿ ಎರಡು ಗೆರೆ ಎಳೆದಿತ್ತು. ಒಂದರ ಕೆಳಗೆ ಸಾಗುವಳಿದಾರನ ಸಹಿ.

‘ಇನ್ನೊಂದು?’

‘ಜಮೀನಿನ ಯಜಮಾನರದು ಮಾಮ.’

ಮಾಮ ಫೋನ್ ವಾಪಸ್ ತಗೊಂಡು ಅಂಗಿ ಜೇಬಿಗೆ ಹಾಕಿಕೊಂಡರು. ಒಳಗಿನಿಂದ ಅವ್ವ, ಆರ್ಟೀಸಿ ಎಷ್ಟು ಹೊತ್ತಿಗೆ ಅಂತ ಕೇಳಿದರು. ಬೆಳಿಗ್ಗೆ ಮೊದಲನೇದೇ ಹಿಡೀತೀನಿ ಅಂತ ಮಾಮ ಕೂಗಿ ಹೇಳಿದರು.